ಇನ್ನೊಂದು ಸಲ ಕೇಳಿ

ನಮ್ಮ ಕಡೆಯವರ ಬಗ್ಗೆ ನನಗೊಂದು ತಕರಾರಿದೆ. ಕಳಸದಿಂದ ಮೂಡಿಗೆರೆಯವರೆಗೆ ಯಾರ ಮನೆಗೆ ಬೇಕಾದರೂ ಹೋಗಿ ನೋಡಿ. ಬಂದವರು ಕಾಫಿ ಬೇಡ ಅನ್ನುತ್ತಾರೆ. ಮನೆಯವರು ಸ್ವಲ್ಪ ಕುಡೀರಿ ಅನ್ನುತ್ತಾರೆ. ಬಂದವರು ಈಗಷ್ಟೇ ಆಯ್ತು ಅನ್ನುತ್ತಾರೆ. ಅಷ್ಟರಲ್ಲಿ ಒಳಗೆ ಹಾಲು ಒಲೆಯ ಮೇಲಿರುತ್ತದೆ, ಅದು ಎಲ್ಲರಿಗೂ ಗೊತ್ತು. ಕಡೆಗೆ "ಅರ್ಧ ಲೋಟ ಸಾಕು" ಎಂದು ಒಪ್ಪಿಕೊಂಡು, ತುಂಬಿದ ಲೋಟವನ್ನೇ ಕುಡಿದು ಮುಗಿಸುತ್ತಾರೆ. ಗುಡ್ಡದ ತುಂಬ ಕಾಫಿ ಬೆಳೆಯುವ ಜನಕ್ಕೆ ಒಂದು ಲೋಟ ಕಾಫಿ ಕುಡಿಯಲು ಇಷ್ಟು ನಾಟಕ ಬೇಕೆ? ಬಯಲುಸೀಮೆಯವರು ನಮ್ಮನ್ನು ಬಹಳ ಮರ್ಯಾದಸ್ಥರು ಅನ್ನುತ್ತಾರೆ. ಅವರಿಗೇನು, ಹೊಟ್ಟೆ ಚುರುಗುಟ್ಟುವುದು ನಮಗೆ.

ಈ ವಿದ್ಯೆಯಲ್ಲಿ ನನ್ನ ಅಪ್ಪನನ್ನು ಮೀರಿಸಿದವರಿರಲಿಲ್ಲ. ಒಮ್ಮೆ ನೆಂಟರ ಮನೆಯಲ್ಲಿ ಕಡುಬು, ಕೋಳಿ ಸಾರಿನ ವಾಸನೆ ಜಗಲಿಯವರೆಗೆ ಬರುತ್ತಿದ್ದಾಗ "ಊಟ ಮಾಡ್ಕೊಂಡೇ ಬಂದೆ" ಎಂದುಬಿಟ್ಟರು. ಮನೆಯವರಿಗೆ ಅದೇನು ಗಡಿಬಿಡಿಯಿತ್ತೋ, ಬಲವಂತ ಮಾಡಲಿಲ್ಲ. ಅಪ್ಪ ಎದ್ದು ಚಪ್ಪಲಿ ಹಾಕಿಕೊಳ್ಳಲು ಹೋದರು. ಒಂದು ಹಾಕಿದರು, ಅದರ ಬಾರು ನೋಡಿದರು, ತೆಗೆದು ಮಣ್ಣು ಕೊಡವಿದರು, ಮತ್ತೆ ಹಾಕಿದರು. ಅಡುಗೆಮನೆಯಿಂದ "ಅಯ್ಯೋ, ಹಾಗೇ ಹೊರಟ್ರಾ?" ಎಂಬ ದನಿ ಕೇಳುವವರೆಗೆ ಎರಡನೇ ಚಪ್ಪಲಿಗೆ ಕಾಲು ಹೋಗಲೇ ಇಲ್ಲ.

ನಾನೂ ಅವರದೇ ಮಗಳು. ತೊಂಬತ್ತರ ದಶಕದಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಅಂದರೆ ಕಾಳುಮೆಣಸು ಒಣಹಾಕುವುದು, ಕೋಳಿ ಓಡಿಸುವುದು, ಬಂದ ನೆಂಟರು "ಗಂಡು ಗೊತ್ತಾಯ್ತಾ?" ಎಂದು ಕೇಳಿದಾಗ ನೆಲ ನೋಡುವುದು. ಆಗ ಕುದುರೆಮುಖದ ಕಬ್ಬಿಣದ ಅದಿರಿನ ಕಂಪನಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನನ್ನ ಸೋದರತ್ತೆಯ ಮಗಳು ಒಂದು ಸುದ್ದಿ ತಂದಳು. ಅಲ್ಲಿನ ಆಫೀಸರೊಬ್ಬರ ಹೆಂಡತಿ ಚಿಕ್ಕ ಮಕ್ಕಳಿಗೆ ಶಾಲೆ ನಡೆಸುತ್ತಾರಂತೆ, ಕನ್ನಡ ಕಲಿಸುವ ಟೀಚರ್ ಬೇಕಂತೆ. ಆ ಕೆಲಸ ನನಗೆ ಬೇಕಿತ್ತು. ಹಿಂದೆಂದೂ ಏನನ್ನೂ ಅಷ್ಟು ಆಸೆಪಟ್ಟಿರಲಿಲ್ಲ. ಬೆಳಗ್ಗೆ ಸೀರೆ ಉಟ್ಟು ಬಸ್ ಹತ್ತಿ ನನ್ನದೇ ಕೆಲಸಕ್ಕೆ ಹೋಗುವುದನ್ನು ನೆನೆದು ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಶಾಲೆ ಶುರುವಾಗುವ ಮೊದಲು, ಬೇಸಿಗೆಯ ಒಂದು ದಿನ, ಅಪ್ಪ ನನ್ನನ್ನು ಕರೆದುಕೊಂಡು ಹೋದರು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಒಂದು ಬಾಟಲಿ ಜೇನುತುಪ್ಪ. ಕುದುರೆಮುಖ ಆಗ ಗಿಜಿಗುಡುತ್ತಿದ್ದ ಊರು. ದೇಶದ ಮೂಲೆಮೂಲೆಯಿಂದ ಬಂದವರು ಸಾಲುಮನೆಗಳಲ್ಲಿ ಇದ್ದರು. ನಾವು ಹೋದ ಮನೆಯ ಮೇಡಂ ಉತ್ತರ ಭಾರತದವರು, ಕನ್ನಡ ಮಾತಾಡಲು ಕಲಿತಿದ್ದರು. ಸೆಕೆಯ ಊರಿನಿಂದ ಹೊತ್ತು ತಂದ ದೊಡ್ಡ ಏರ್ ಕೂಲರ್ ಹಜಾರದಲ್ಲೇ ನಿಂತಿತ್ತು. ನಮ್ಮ ತಂಪಿನ ಊರಲ್ಲಿ ಅದಕ್ಕೇನು ಕೆಲಸ, ಅದರ ಮೇಲೆ ಕಾಲುಚೀಲ ಒಣಹಾಕಿದ್ದರು.

ಅಪ್ಪ ಹಣ್ಣು, ಜೇನು ಕೊಟ್ಟರು. ಮೇಡಂ "ಥ್ಯಾಂಕ್ಯೂ" ಎಂದು ಒಳಗಿಟ್ಟು ಬಂದರು. ಯಾಕೆ ತರಲು ಹೋದಿರಿ ಎಂಬ ಮಾತಿಲ್ಲ. ಅಪ್ಪನ ಹುಬ್ಬು ಮೇಲೆ ಹೋಯಿತು.

"ಕಾಫಿ ತಗೋತೀರಾ?"

"ಬೇಡ ಬೇಡ, ಈಗಷ್ಟೇ ಆಯ್ತು," ಅಂದರು ಅಪ್ಪ.

"ಅಚ್ಛಾ," ಎಂದು ಮೇಡಂ ಆರಾಮಾಗಿ ಕೂತುಬಿಟ್ಟರು.

ಅಪ್ಪ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದರು. ಬೆಳಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಅವರು ತಿಂಡಿಯನ್ನೂ ತಿಂದಿರಲಿಲ್ಲ. ಮೇಡಂ ನನ್ನ ಕಡೆ ತಿರುಗಿ ಓದು, ಊರು ವಿಚಾರಿಸಿದರು. ಮೆಚ್ಚಿಗೆಯಾದಂತೆ ಕಂಡಿತು. "ಜೂನ್‌ನಿಂದ ನಮ್ಮ ಮಕ್ಕಳಿಗೆ ಕನ್ನಡ ಹೇಳಿಕೊಡ್ತೀರಾ?" ಎಂದು ನಗುತ್ತಾ ಕೇಳಿದರು.

ನನ್ನ ಎದೆ ಡವಡವ ಅಂದಿತು. ಬಾಯಿ ಮಾತ್ರ ಅಭ್ಯಾಸದಂತೆ ತೆರೆದುಕೊಂಡಿತು. "ಅಯ್ಯೋ, ಬೇಡಪ್ಪ. ನಂಗೆ ಅದೆಲ್ಲ ಎಲ್ಲಿ ಬರ್ತದೆ?"

"ಅಚ್ಛಾ. ಸರಿ, ಬೇರೆ ಯಾರನ್ನಾದ್ರೂ ನೋಡ್ತೀನಿ," ಅಂದರು ಮೇಡಂ.

ಅಷ್ಟೇ. ನಾವು ಬಸ್‌ಸ್ಟ್ಯಾಂಡಿಗೆ ಬಂದೆವು. ಅಪ್ಪ ಕೆಂಡವಾಗಿದ್ದರು.

"ಎಂಥಾ ಜನ ಮಾರಾಯ್ತಿ! ಬೇಡ ಅಂದ್ರೆ ಬಿಟ್ಟೇಬಿಡೋದಾ? ಇನ್ನೊಂದ್ಸಲ ಕೇಳಿದ್ರೆ ಅವ್ರ ಗಂಟೇನ್ ಹೋಗ್ತಿತ್ತು?"

"ಅಪ್ಪ, ನಂಗೆ ಆ ಕೆಲ್ಸ ಬೇಕಿತ್ತು," ಅಂದೆ.

"ಮತ್ತೆಂತಕ್ಕೆ ಬೇಡ ಅಂದೆ?"

"ನೀವೆಂತಕ್ಕೆ ಕಾಫಿ ಬೇಡ ಅಂದ್ರಿ?"

ಅಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. "ಕೂತ್ಕೊ. ಯಾರನ್ನಾದ್ರೂ ಕರೀಲಿಕ್ಕೆ ಕಳಿಸ್ತಾರೆ" ಅಂದರು. ಯಾರೂ ಬರಲಿಲ್ಲ. ಬಸ್ ಬಂತು. ಅಪ್ಪ ಹತ್ತಿ ಟವೆಲ್ ಹಾಸಿ ಸೀಟು ಹಿಡಿದರು. ನಾನು ಹತ್ತಲಿಲ್ಲ. ಕಂಡಕ್ಟರ್ ಬೈದ, ಅಪ್ಪನೂ ಬೈದರು. ಆಮೇಲೆ ಟವೆಲ್ ಎತ್ತಿಕೊಂಡು ಇಳಿದು ಬಂದರು.

ನಾನು ವಾಪಸ್ ಹೋಗಿ ಮೇಡಂ ಮನೆಯ ಬೆಲ್ ಒತ್ತಿದೆ. ಏನಾದರೂ ಬಿಟ್ಟುಹೋದಿರಾ ಎಂದು ಅವರು ಕೇಳಿದರು.

"ನನಗೆ ಕೆಲಸ ಬೇಕು," ಅಂದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಮತ್ತೆ ಬೇಡ ಅಂದ್ರಲ್ಲ?"

"ನಮ್ಮ ಕಡೆ ಮೊದಲು ಬೇಡ ಅಂತಾರೆ ಮೇಡಂ. ನೀವು ಇನ್ನೊಂದು ಸಲ ಕೇಳಬೇಕು."

ಅವರು ನಗದೆ, ಪಾಠ ಒಪ್ಪಿಸುವ ಮಗುವಿನ ಹಾಗೆ, ಮೊದಲಿನ ಪ್ರಶ್ನೆಯನ್ನೇ ಇನ್ನೊಮ್ಮೆ ಕೇಳಿದರು. ಹೇಳಿಕೊಡುತ್ತೇನೆ ಅಂದೆ. ಅವರ ಕಣ್ಣು ಗೇಟಿನ ಕಡೆ ಹೋಯಿತು. ಅಪ್ಪ ಅಲ್ಲಿ ನಿಂತು, ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ, ಗುಲಾಬಿ ಗಿಡದ ಎಲೆ ತಿರುಗಿಸಿ ನೋಡುತ್ತಿದ್ದರು.

"ಅವರೂ ಹೀಗೇನಾ?" ಎಂದು ಮೇಡಂ ಮೆಲ್ಲಗೆ ಕೇಳಿದರು.

"ಅವರಿಗೆ ಮೂರು ಸಲ ಕೇಳಬೇಕು."

ಮೂರು ಸಲವೂ ಕೇಳಿದರು. ಅಪ್ಪ ಎರಡು ಲೋಟ ಕುಡಿದು, ಬಸ್ಸಿನಲ್ಲಿ ಕಳಸ ಬರುವವರೆಗೆ "ಅದೂ ಒಂದ್ ಕಾಫಿಯಾ" ಎಂದು ಗೊಣಗಿದರು.

ಆ ಕೆಲಸದಲ್ಲಿ ನಾನು ಬಹಳ ವರ್ಷ ಇದ್ದೆ. ಅದಿರು ತೆಗೆಯುವುದು ನಿಂತ ಮೇಲೆ ಕ್ವಾರ್ಟರ್ಸ್‌ಗಳಿಗೆ ಒಂದೊಂದಾಗಿ ಬೀಗ ಬಿತ್ತು, ತರಗತಿಯಲ್ಲಿ ಮಕ್ಕಳು ಕರಗುತ್ತಾ ಹೋದರು. ಒಂದು ದಿನ ಮೇಡಂ ನಮ್ಮ ಮನೆಗೆ ಹೇಳಿಹೋಗಲು ಬಂದರು. ಅಷ್ಟರಲ್ಲಿ ಅವರ ಬಾಯಲ್ಲಿ ನಮ್ಮದೇ ಕನ್ನಡ, ಮಾತಿಗೊಂದು ಮಾರಾಯ್ತಿ. ಅವರು ಹೋಗುವುದು ನನಗೆ ಬೇಡವಾಗಿತ್ತು. ಅದು ಉಪಚಾರದ ಬೇಡ ಅಲ್ಲ. ಅಳು ಕಾಣಿಸಬಾರದೆಂದು ಹಾಲು ಕಾಯಿಸುವ ನೆಪದಲ್ಲಿ ಒಳಗೆ ಹೋದೆ.

ಹೊರಗೆ ಅಪ್ಪನ ದನಿ ಕೇಳಿಸಿತು. "ಕಾಫಿ ಕುಡೀತೀರಾ ಅಮ್ಮಾ?"

"ಅಯ್ಯೋ ಬೇಡ, ಈಗಷ್ಟೇ ಆಯ್ತು."

"ಸರಿ ಹಾಗಾದ್ರೆ," ಅಂದರು ಅಪ್ಪ. ಬಾಗಿಲ ಸಂದಿಯಿಂದ ನೋಡಿದೆ. ಆ ಕಡೆಯವರು ಬೇಡ ಅಂದರೆ ಬೇಡವೇ, ಬಲವಂತ ಮಾಡಬಾರದು ಎಂದು ಇಷ್ಟು ವರ್ಷದಲ್ಲಿ ಕಲಿತ ಹೆಮ್ಮೆ ಅವರ ಮುಖದಲ್ಲಿತ್ತು.

ಮೇಡಂ ಸ್ವಲ್ಪ ಕಾದರು. ಸಾಮಾನು ಒಯ್ಯಲು ಲಾರಿ ಬರುವುದನ್ನು ಹೇಳಿದರು, ಕೂಲರನ್ನು ಯಾರೂ ಕೊಳ್ಳದ್ದನ್ನು ಹೇಳಿದರು. ಆಮೇಲೆ ಎದ್ದು ಚಪ್ಪಲಿ ಹಾಕಿಕೊಳ್ಳಲು ಹೋದರು. ಒಂದು ಹಾಕಿದರು. ಅದರ ಬಾರು ನೋಡಿದರು. ತೆಗೆದು ಮಣ್ಣು ಕೊಡವಿದರು.

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ಅಪ್ಪ, ಇನ್ನೊಂದ್ಸಲ ಕೇಳಿ!" ಎಂದು ಒಳಗಿನಿಂದಲೇ ಕೂಗಿದೆ.

ಅಪ್ಪ ಕೇಳಿದರು.

"ಅರ್ಧ ಲೋಟ ಸಾಕು," ಅಂದರು ಮೇಡಂ.