ಹುಳುಮನೆಯ ಕೆಮ್ಮು

ಮಂಗಮ್ಮ ಸ್ವ್ಯಾಬ್ ತೆಗೆಯುವ ತಂಡದೊಂದಿಗೆ ಬೀದಿಗೆ ಬಂದರೆ ಸಾಕು, ದಬದಬನೆ ಬಾಗಿಲು ಬೀಳುತ್ತಿದ್ದವು. ಊರಿನ ಅರ್ಧ ಮಕ್ಕಳಿಗೆ ಪೋಲಿಯೊ ಹನಿ ಹಾಕಿದ ಆಶಾ ಕಾರ್ಯಕರ್ತೆ ಅವಳು. ಆ ಸೇವೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಕೊರೊನಾದ ಎರಡನೇ ಅಲೆಯಲ್ಲಿ ಅವಳು ಬರೀ ಮನೆಗೆ ಸೀಲ್ ಹಾಕಿಸುವ ಪಿಶಾಚಿ. ಮೇಲಿನ ಬೀದಿಯ ಒಂದು ಮನೆ ಸೀಲ್ ಆಗಿ, ರೇಷ್ಮೆಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಲಾರದೆ ಚಿಟ್ಟೆ ಕೊರೆದು ಹಾಳಾದ ಮೇಲಂತೂ ಅವಳ ಮುಖ ಕಂಡರೆ ಜನ ಉಗಿಯುತ್ತಿದ್ದರು.

ಅವಳೇನು ಬಾಯಿ ಸತ್ತವಳಲ್ಲ. "ಉಗೀರಿ, ಉಗೀರಿ! ಆ ಎಂಜಲಲ್ಲೇ ಟೆಸ್ಟ್ ಮಾಡ್ಕೊಂಡ್ ಹೋಗ್ತಾರೆ," ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಮಾತ್ರ ಅವಳು ತಂಡದ ಹಿಂದೆ ಉಳಿದಳು. ಮುಂದಿನ ಮನೆ ಅವಳ ಒಡಹುಟ್ಟಿದ ಅಕ್ಕ ಲಕ್ಷ್ಮಿದೇವಮ್ಮನದು. ಡೈರಿಗೆ ಹಾಲು ಹಾಕುವಾಗ ಅಕ್ಕನ ಹಿಂದೆ ನಿಲ್ಲುತ್ತಿದ್ದವನಿಗೆ ಪಾಸಿಟಿವ್ ಬಂದಿತ್ತು. ಅಕ್ಕ ಆಮೇಲೆ ಡೈರಿ ಕಡೆ ತಲೆ ಹಾಕಿರಲಿಲ್ಲ.

ಭಾವ ನಲ್ಲಪ್ಪ ಬಾಗಿಲಿಗೆ ಅಡ್ಡ ನಿಂತ. "ಅವಳು ನಗರಗೆರೆಗೆ, ಮಗಳ ಮನೆಗೆ ಹೋಗವ್ಳೆ."

"ಬಸ್ಸೇ ಇಲ್ವಲ್ಲ ಭಾವ, ಹಾರ್ಕೊಂಡ್ ಹೋದ್ಲಾ?"

ತಂಡದ ಡಾಕ್ಟರು ಮನೆಯೊಳಗೆ ಇಣುಕಿದರು. ಯಾರೂ ಇರಲಿಲ್ಲ. ಹಿತ್ತಲಲ್ಲಿ ರೇಷ್ಮೆಹುಳು ಸಾಕುವ ಹುಳುಮನೆಯತ್ತ ಹೊರಟಾಗ ನಲ್ಲಪ್ಪ ಕೈ ಅಡ್ಡ ಹಿಡಿದ. "ಅಲ್ಲಿಗ್ ಬೇಡಿ ಸಾ! ಹುಳು ಹಣ್ಣಾಗ್ತಾ ಅವೆ, ಇನ್ನೇನು ಗೂಡು ಕಟ್ಬೇಕು. ಹೊರಗಿನೋರು ಕಾಲಿಟ್ರೆ ರೋಗ ಬಡಿಯುತ್ತೆ."

ಡಾಕ್ಟರು ಹಿಂದೆ ಸರಿದರು. ಮಂಗಮ್ಮನೂ ಸರಿದಳು. ಅವಳ ಮನೆಯಲ್ಲೂ ಹುಳು ಸಾಕುತ್ತಿದ್ದರು. ಪರರ ಹುಳುಮನೆಗೆ ಅವಳು ಎಂದೂ ಕಾಲಿಟ್ಟವಳಲ್ಲ. ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿತು.

"ಏನ್ ಭಾವ, ನಿಮ್ ಹುಳ ಕೆಮ್ತವಾ?"

ನಲ್ಲಪ್ಪ ಅವಳ ರಟ್ಟೆ ಹಿಡಿದ. "ಬೆಳೆ ಹೋದ್ರೆ ನೀನ್ ಕಟ್ಕೊಡ್ತೀಯೇನೇ, ಮನೆಹಾಳಿ!"

ಅವಳು ಕೊಡವಿಕೊಂಡು ಒಳಗೆ ನುಗ್ಗಿದಳು. ಹುಳುವಿನ ತಟ್ಟೆಗಳ ಸಂದಿಯಲ್ಲಿ, ಗೋಣಿಯ ಮೇಲೆ, ಅಕ್ಕ ತುಟಿ ನೀಲಿಗಟ್ಟಿ ಬಿದ್ದಿದ್ದಳು. ತಂಗಿಯನ್ನು ಕಂಡು ಬಾಯಿ ಅಲುಗಿತು, ಸ್ವರ ಹೊರಡಲಿಲ್ಲ. ಹುಳುವಿಗೆ ಸೋಂಕು ತಗಲದಿರಲೆಂದು ಹೊಸಿಲಿಗೆ ಬ್ಲೀಚಿಂಗ್ ಪುಡಿ ಎರಚಿದ್ದ ಮಹಾನುಭಾವ, ಕಟ್ಟಿಕೊಂಡ ಹೆಂಡತಿಯನ್ನು ಅದರಾಚೆ ಬಚ್ಚಿಟ್ಟಿದ್ದ. ಥೂ, ಇದೂ ಒಂದು ಸಂಸಾರವೇ!

ಅಕ್ಕನನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಒಯ್ದರು. ನಲ್ಲಪ್ಪನಿಗೂ ಪಾಸಿಟಿವ್ ಬಂದು ಅವನೂ ಜ್ವರದಲ್ಲಿ ಹಾಸಿಗೆ ಹಿಡಿದ, ಮನೆ ಸೀಲ್ ಆಯಿತು. ಹಣ್ಣಾದ ಹುಳುಗಳನ್ನು ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ಊರಿನ ಒಂದು ನರಪಿಳ್ಳೆಯೂ ಬರಲಿಲ್ಲ. ಹುಳು ತಟ್ಟೆಯಲ್ಲೇ ಕೊಳೆತು ನಾರಿತು. ಮಂಗಮ್ಮನ ಕಾಲ್ಗುಣ ಎಂದು ಊರೆಲ್ಲ ಆಡಿಕೊಂಡಿತು.

ಅಕ್ಕ ಬದುಕಿ ಬಂದಳು. ಸುದ್ದಿ ಕೇಳಿದ್ದೇ ತಡ, ಮಂಗಮ್ಮ ರಾಗಿ ಗಂಜಿ ಕಾಯಿಸಿ ಹಿಡಿದುಕೊಂಡು ಓಡಿದಳು. ಅಕ್ಕ ಹೊಸಿಲಲ್ಲೇ ತಡೆದಳು.

"ಒಳಗ್ ಬರ್ಬೇಡ ಕಣೇ! ನೀನ್ ಕಾಲಿಟ್ಟಿದ್ದಕ್ಕೇ ನನ್ ಬೆಳೆ ಮಣ್ಣಾಯ್ತು. ನಿನ್ ಕಾಲು ಸೇದೋಗ, ನಿನ್ ಮನೆಗೆ ಬೀಗ ಬೀಳ! ಇನ್ಮೇಲೆ ನಂಗ್ ತಂಗೀನೇ ಇಲ್ಲ, ಹೋಗು!"

ಬಾಗಿಲು ಬಿತ್ತು. ಮಂಗಮ್ಮ ಗಂಜಿಯ ಪಾತ್ರೆಯನ್ನು ಮೆಟ್ಟಿಲ ಮೇಲೆ ಕುಕ್ಕಿ, ಮುಚ್ಚಿದ ಬಾಗಿಲಿಗೇ ಕೂಗಿದಳು:

"ಬೈಯಿ ಕಣಕ್ಕ, ಚೆನ್ನಾಗ್ ಬೈಯಿ! ಆವತ್ತು ನನ್ ಹೆಸರು ಕೂಗಕ್ಕೂ ಉಸಿರಿರ್ಲಿಲ್ಲ ನಿಂಗೆ."