ಹದಿನೆಂಟನೇ ಬೀದಿಯಲ್ಲಿ ಎಡೆ ಇಟ್ಟದ್ದು

ಇಬ್ಬರ ಊಟಕ್ಕೆ ಮೂವತ್ತೆಂಟು ಡಾಲರ್ ಬಿಲ್ ಕಟ್ಟಿದೆ. ಮೇಜಿನ ಮುಂದೆ ಕೂತವಳು ನಾನೊಬ್ಬಳೇ. ಇನ್ನೊಂದು ತಟ್ಟೆ ನಮ್ಮ ಯಜಮಾನರದು. ಅವರು ತೀರಿಕೊಂಡು ಎರಡು ವರ್ಷ ಕಳೆದಿತ್ತು. ಬಿಲ್ಲಿನಲ್ಲಿ ಮೂರು ಡಾಲರನ್ನಾದರೂ ಇಳಿಸಲು ನೋಡಿದೆ, ಆಗಲಿಲ್ಲ. ಈ ವಾಷಿಂಗ್ಟನ್ ಸೀಮೆಯಲ್ಲಿ ಬಾಡಿಗೆಗೆ, ಮಂಚಕ್ಕೆ, ಹಳೆಯ ಕಾರಿಗೆ ಚೌಕಾಸಿ ನಡೆಯುತ್ತದೆ, ಊಟಕ್ಕೆ ಮಾತ್ರ ನಡೆಯುವುದಿಲ್ಲ.

ನಾನು ರಾಕ್‌ವಿಲ್ಲಿನ ಡ್ರೈ ಕ್ಲೀನಿಂಗ್ ಅಂಗಡಿಯೊಂದರಲ್ಲಿ ಬಟ್ಟೆ ಹೊಲಿಯುತ್ತೇನೆ. ಶನಿವಾರ, ಭಾನುವಾರ ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಬರುವ ಹೆಂಗಸರ ರವಿಕೆ ಬಿಚ್ಚಿ ಅಗಲ ಮಾಡಿಕೊಡುವುದು ನನ್ನ ಸ್ವಂತ ವ್ಯಾಪಾರ. ಅಮೆರಿಕಕ್ಕೆ ಬಂದ ಹೆಂಗಸರ ರವಿಕೆ ಎರಡೇ ವರ್ಷಕ್ಕೆ ಬಿಗಿಯಾಗುತ್ತದೆ, ಹಾಗಾಗಿ ಕೆಲಸಕ್ಕೆ ಬರವಿಲ್ಲ. ರೈಲಿನ ಸದ್ದು ಕೇಳುವ ಮನೆಯೆಂದು ಮಾಲೀಕನನ್ನೇ ಕಿಟಕಿಯ ಬಳಿ ನಿಲ್ಲಿಸಿ ಬಾಡಿಗೆ ಇಳಿಸಿದವಳು ನಾನು. ಯಜಮಾನರು ಹಾಗಲ್ಲ, ಕೇಳಿದಷ್ಟು ಕೊಟ್ಟು ಬರುವವರು. ಲ್ಯಾಬುಗಳ ಯಂತ್ರ ರಿಪೇರಿ ಮಾಡುತ್ತಿದ್ದರು. ಒಂದು ಚಳಿಗಾಲದ ಬೆಳಿಗ್ಗೆ ಕಾರಿನ ಮೇಲಿನ ಹಿಮ ಕೆರೆಯುತ್ತಿದ್ದವರು ಅಲ್ಲೇ ಕುಸಿದರು.

ನಮ್ಮ ಮಂಡ್ಯದ ಕಡೆ ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆ ಇಡುವುದು ಓದುಗರಿಗೆ ಗೊತ್ತಿದ್ದದ್ದೇ. ಬದುಕಿದ್ದಾಗ ಅವರಿಗೆ ಏನು ಇಷ್ಟವಿತ್ತೋ ಅದನ್ನೇ ಇಡಬೇಕು. ಬಾಡು ತಿನ್ನುತ್ತಿದ್ದವರಿಗೆ ಬಾಡು, ಬೀಡಿ ಸೇದುತ್ತಿದ್ದವರಿಗೆ ಬೀಡಿ. ಆಮೇಲೆ ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ನಿಲ್ಲಬೇಕು, ಅವರು ಉಣ್ಣಲಿ ಎಂದು. ಊರಿನಲ್ಲಿ ಮತ್ತೆ ಬಾಗಿಲು ತೆರೆದಾಗ ಅನ್ನ ಹಾಗೇ ಇದ್ದರೂ, ಯಾರೋ ಈಗಷ್ಟೇ ಎದ್ದು ಹೋದ ಹಾಗೆ ಕೋಣೆ ಬೆಚ್ಚಗಿರುತ್ತದೆ. ಇಲ್ಲಿ ಮೊದಲ ವರ್ಷ ಮುದ್ದೆ, ಬಾಡಿನ ಸಾರು, ವಡೆ, ಹೊಸ ಪಂಚೆ ಇಟ್ಟು ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ನಿಂತೆ. ಬಾಗಿಲು ತೆರೆದರೆ ಬಾಡಿಗೆ ಕೋಣೆ ಬಾಡಿಗೆ ಕೋಣೆಯಾಗಿಯೇ ಇತ್ತು. ಕಾಗೆಗೆಂದು ಪಾರ್ಕಿಂಗಿನ ಬಳಿ ಇಟ್ಟದ್ದನ್ನು ಕಾಗೆ ಮೂಸಲಿಲ್ಲ, ಪಕ್ಕದಲ್ಲಿ ಬಿದ್ದಿದ್ದ ಆಲೂಗಡ್ಡೆ ಚಿಪ್ಸ್ ಎತ್ತಿಕೊಂಡು ಹೋಯಿತು. ಎರಡನೇ ವರ್ಷವೂ ಅಷ್ಟೇ. ಮನುಷ್ಯ ಹಸಿದುಕೊಂಡೇ ಇದ್ದಾನೆ ಎಂಬ ಯೋಚನೆ ಹೊಲಿಗೆ ಯಂತ್ರದ ಮುಂದೆ ಕೂತಾಗಲೂ ಬಿಡುತ್ತಿರಲಿಲ್ಲ.

ಇನ್ನೊಂದು ವಿಷಯವಿತ್ತು, ಯಾರಿಗೂ ಹೇಳಿರಲಿಲ್ಲ. ಅವರು ತೀರಿಕೊಂಡ ಮೇಲೂ, ಸಂಜೆ ಅವರು ಬರುತ್ತಿದ್ದ ಹೊತ್ತಿಗೆ ಬಾಗಿಲ ಬಳಿ ಶೂ ಕಳಚುವ ಸದ್ದು ಕೇಳುತ್ತಿತ್ತು. ಮೊದಲು ಎಡಗಾಲಿನದು, ತಡೆದು ಬಲಗಾಲಿನದು. ಓವರ್‌ಟೈಮೆಂದು ಅವರು ತಡವಾಗಿ ಬರುತ್ತಿದ್ದ ಶುಕ್ರವಾರ ಮಾತ್ರ ಕೇಳುತ್ತಿರಲಿಲ್ಲ. ಅವರ ಜೊತೆ ಕೆಲಸ ಮಾಡುತ್ತಿದ್ದ ಧಾರವಾಡದ ಬಸವರಾಜಣ್ಣ ಒಂದು ದಿನ ಪ್ಯಾಂಟ್ ಮೊಟಕು ಮಾಡಿಸಲು ಬಂದಾಗ ಅದನ್ನು ನಗೆಯ ಮಾತಿನಂತೆ ಹೇಳಿಬಿಟ್ಟೆ. ಸತ್ತ ಮೇಲೂ ಶುಕ್ರವಾರ ಓವರ್‌ಟೈಮು ನೋಡಿ, ಎಂದೆ. ಅವರು ನಗಲಿಲ್ಲ.

"ಅಕ್ಕಾರ, ಶುಕ್ರವಾರ ಎಲ್ಲಿ ಓವರ್‌ಟೈಮ್ ಇತ್ತರೀ? ಅಂವಾ ಸಿಟಿಗೆ ಹೋಗಿ ಒಂದು ಜಪಾನಿ ಅಂಗಡ್ಯಾಗ ಕೂಡ್ತಿದ್ದ. ನನ್ನೂ ಒಮ್ಮೆ ಕರಕೊಂಡ್ ಹೋಗಿದ್ದ. ನಿಮಗ ಗೊತ್ತೈತಿ ಅಂತ ಮಾಡಿದ್ದೆ."

ಗೊತ್ತಿರಲಿಲ್ಲ. ಈ ದೇಶದಲ್ಲಿ ಅವರಿಗೆ ಏನು ಇಷ್ಟವಾಗಿತ್ತು ಎಂಬುದೇ ಗೊತ್ತಿಲ್ಲದೆ ಎರಡು ವರ್ಷ ಎಡೆ ಇಟ್ಟಿದ್ದೆ. ಅಂಗಡಿ ಎಲ್ಲಿ ಎಂದು ಕೇಳಿಕೊಂಡು ಮುಂದಿನ ಶುಕ್ರವಾರ ಹೊರಟೆ.

ಆಡಮ್ಸ್ ಮಾರ್ಗನ್ ಎಂಬ ಆ ಕೇರಿಯ ಬಗ್ಗೆ ಇಲ್ಲಿನ ಹುಡುಗ ಹುಡುಗಿಯರು ಬಹಳ ಹೇಳುತ್ತಾರೆ. ಹದಿನೆಂಟನೇ ಬೀದಿಯ ಎರಡೂ ಕಡೆ ತಿನ್ನುವ ಕುಡಿಯುವ ಅಂಗಡಿಗಳೇ, ಮೇಲೊಂದು ಕೆಳಗೊಂದು. ನಮ್ಮಲ್ಲಿ ಹೋಟೆಲ್ಲಿಗೆ ಹೋದರೆ ಉಂಡು ಎದ್ದು ಬರುತ್ತೇವೆ, ಹಿಂದೆ ನಿಂತವನು ಜಾಗಕ್ಕೆ ಕಾಯುತ್ತಿರುತ್ತಾನೆ. ಇಲ್ಲಿ ಜನ ಹೋಗುವುದೇ ಕೂರಲಿಕ್ಕೆ. ಇಥಿಯೋಪಿಯದವರ ಅಂಗಡಿಯಲ್ಲಿ ಇಂಜೆರಾ ಕೊಡುತ್ತಾರೆ, ಹುಳಿ ಬಂದ ಹಿಟ್ಟಿನ ದೊಡ್ಡ ದೋಸೆ. ಕೈಯಲ್ಲೇ ತಿನ್ನುವುದು, ಯಾರೂ ತಿರುಗಿ ನೋಡುವುದಿಲ್ಲ. ಎಲ್ ಸಾಲ್ವಡಾರಿನವರ ಪುಪುಸಾ ಎಂದರೆ ಕಾಳು ತುಂಬಿ ತಟ್ಟಿದ ಮೆಕ್ಕೆಜೋಳದ ದಪ್ಪ ರೊಟ್ಟಿ, ಎರಡು ತಿಂದರೆ ರಾತ್ರಿ ಊಟ ಬೇಡ. ಆ ಜಪಾನಿ ಅಂಗಡಿ ಇರುವುದು ಒಂದು ಹಳೆ ಬಟ್ಟೆ ಅಂಗಡಿಯ ಮೇಲೆ. ಬಾಗಿಲಿಗೆ ನೀಲಿ ಬಟ್ಟೆ ಇಳಿಬಿಟ್ಟಿರುತ್ತಾರೆ. ಇಂಥ ಅಂಗಡಿಗೆ ಇಜಕಾಯಾ ಎನ್ನುತ್ತಾರೆ. ಕುಡಿಯುತ್ತಾ ಚೂರು ಚೂರು ತಿನ್ನುವ ಜಾಗ. ನಡೆಸುವ ಮುದುಕಿಯನ್ನು ಎಲ್ಲರೂ ಮಾಮಾ ಎಂದೇ ಕರೆಯುತ್ತಾರೆ. ಅವರಲ್ಲಿ ಅದು ಅಮ್ಮನಿಗೆ.

ಗಿರಾಕಿ ಒಂದು ಇಡೀ ಬಾಟಲಿ ಕೊಂಡರೆ ಅವನ ಹೆಸರಿನ ಚೀಟಿ ಬಾಟಲಿಯ ಕೊರಳಿಗೆ ತೂಗಿಹಾಕಿ ಅಂಗಡಿಯಲ್ಲೇ ಇಟ್ಟುಕೊಳ್ಳುವುದು ಅವರ ಪದ್ಧತಿ. ಬಂದಾಗ ತನ್ನದರಿಂದಲೇ ಕುಡಿಯುತ್ತಾನೆ. ಗೋಡೆಯ ಹಲಗೆಯ ಮೇಲೆ ಅಂಥ ಬಾಟಲಿಗಳು ಸಾಲಾಗಿದ್ದವು. ಒಂದರ ಕೊರಳಿನ ಚೀಟಿಯಲ್ಲಿ ಕನ್ನಡ ಅಕ್ಷರ. ಅವರದೇ ಕೈಬರಹ. ಅರ್ಧ ಬಾಟಲಿ ವಿಸ್ಕಿ ಇನ್ನೂ ಇತ್ತು. ಸ್ಟೂಲಿನ ಮೇಲೆ ಕೂತು, ಅದು ನನ್ನ ಗಂಡನದು, ಅವರು ತೀರಿಕೊಂಡರು ಎಂದು ಮಾಮಾಳಿಗೆ ಹೇಳಿದೆ.

ಬಾರದವರ ಬಾಟಲಿಯನ್ನು ಕೆಲವು ತಿಂಗಳಾದ ಮೇಲೆ ಚೆಲ್ಲುತ್ತೇನೆ, ಇವರದನ್ನು ಚೆಲ್ಲಲು ಮನಸ್ಸಾಗಲಿಲ್ಲ, ಮುಂದಿನ ಶುಕ್ರವಾರ ಬರುತ್ತೇನೆ ಎಂದು ಹೇಳಿ ಹೋದವರು, ಎಂದು ಮಾಮಾ ತನ್ನ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದಳು. ನನ್ನದೂ ಅಂಥದ್ದೇ ಇಂಗ್ಲಿಷ್, ಹಾಗಾಗಿ ಚೆನ್ನಾಗಿ ಅರ್ಥವಾಯಿತು. ಅವರದು ಮಾತು ಕಡಿಮೆಯಂತೆ. ಹುಡುಗರಾಗಿದ್ದಾಗ ನಾಲೆಯಲ್ಲಿ ಮೀನು ಹಿಡಿದದ್ದು ಹೇಳುತ್ತಿದ್ದರಂತೆ. ನನ್ನ ವಿಷಯ ಏನಾದರೂ ಹೇಳುತ್ತಿದ್ದರೇ ಎಂದು ಕೇಳಿದೆ.

"ಹೇಳ್ತಿದ್ದರು. ನನ್ನ ಹೆಂಡತಿಯನ್ನ ಕರಕೊಂಡು ಬಂದರೆ ಬೆಲೆ ಇಳಿಸಿ ಇಳಿಸಿ ನಿನ್ನ ಅಂಗಡಿ ಮುಚ್ಚಿಸ್ತಾಳೆ ಅಂತ."

ಬಾಟಲಿ ನನಗೆ ಕೊಡಿ, ಮನೆಯಲ್ಲಿ ಎಡೆಗೆ ಇಡಬೇಕು ಎಂದು ವಾದಿಸಿದೆ. ಅವರು ಹಣ ಕೊಟ್ಟದ್ದು, ಆದ್ದರಿಂದ ನನ್ನದು ಎಂದೆ. ಮಾಮಾ ಒಪ್ಪಲಿಲ್ಲ. ಇಲ್ಲಿಟ್ಟ ಬಾಟಲಿ ಹೊರಗೆ ಹೋಗುವುದಿಲ್ಲ, ಬೇಕಾದವರು ಇಲ್ಲಿಗೇ ಬರಬೇಕು. ಆ ಮಾತಿನಿಂದ ನನಗೆ ಹೊಳೆಯಿತು: ಎಡೆಯನ್ನೇ ಇಲ್ಲಿ ಇಟ್ಟರಾಯಿತು. ಬಾಗಿಲಿನ ನೀಲಿ ಬಟ್ಟೆಯ ಅಂಚು ಪೂರ್ತಿ ಬಿಚ್ಚಿಹೋಗಿತ್ತು. ಅದನ್ನು ಹೊಲಿದುಕೊಡುತ್ತೇನೆ, ಪಿತೃಪಕ್ಷದ ಶುಕ್ರವಾರ ಮಧ್ಯಾಹ್ನ, ಸಂಜೆಯ ಗಿರಾಕಿಗಳು ಬರುವ ಮೊದಲು, ಅಂಗಡಿಯನ್ನು ನನಗೆ ಬಿಟ್ಟುಕೊಡಬೇಕು ಎಂದೆ. ಮಾಮಾ ಬಟ್ಟೆ ನೋಡಿದಳು, ನನ್ನನ್ನು ನೋಡಿದಳು, ಒಪ್ಪಿದಳು. ಊಟದ ದುಡ್ಡು ಮಾತ್ರ ಪೂರ್ತಿ ಎಂದಳು.

ಆ ದಿನ ಅವರು ಕೂರುತ್ತಿದ್ದ ಮೂಲೆಯಲ್ಲಿ ಅವರು ತಿನ್ನುತ್ತಿದ್ದದ್ದನ್ನೇ ಇಟ್ಟೆವು: ಉಪ್ಪು ಹಚ್ಚಿ ಸುಟ್ಟ ಬಂಗುಡೆ, ಅನ್ನ, ಮೂಲಂಗಿ ಉಪ್ಪಿನಕಾಯಿ, ಗ್ಲಾಸಿನಲ್ಲಿ ಆ ವಿಸ್ಕಿ. ಊದುಕಡ್ಡಿ ಹಚ್ಚಿದೆ. ಈಗ ನಾವು ಹೊರಗೆ ಹೋಗಬೇಕು ಎಂದರೆ ಮಾಮಾ ಯಾಕೆಂದು ಕೇಳಲಿಲ್ಲ. ಜಪಾನಿನ ಅವಳ ಊರಿನಲ್ಲೂ ಬೇಸಗೆಯಲ್ಲಿ ಸತ್ತವರು ಮನೆಗೆ ಬಂದು ಹೋಗುತ್ತಾರಂತೆ.

ಬಾಗಿಲು ಎಳೆದುಕೊಂಡು ಇಬ್ಬರೂ ಕೆಳಗಿಳಿದು ಫುಟ್‌ಪಾತಿನಲ್ಲಿ ನಿಂತೆವು. ನಾನು ಸೀರೆಯಲ್ಲಿ, ಮಾಮಾ ಏಪ್ರನ್ನಿನಲ್ಲಿ. ಮೂಗಿಗೆ ರಿಂಗು ಹಾಕಿದ ಹುಡುಗರು ಪಕ್ಕಕ್ಕೆ ಸರಿದು ಹೋದರು. ನಮ್ಮೂರಿನಲ್ಲಿ ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಾಯುತ್ತೇವೆ. ಅಷ್ಟಾಯಿತೆಂದು ನಾನು ಮೆಟ್ಟಿಲಿನ ಮೇಲೆ ಕಾಲಿಟ್ಟೆ. ಮಾಮಾ ಮೊಣಕೈ ಹಿಡಿದಳು.

"ಎರಡನೇ ಗ್ಲಾಸನ್ನ ಅವರು ಬಹಳ ನಿಧಾನ ಕುಡೀತಾರೆ. ಇನ್ನೂ ಸ್ವಲ್ಪ ನಿಲ್ಲೋಣ."

ನಿಂತೆವು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋದಾಗ ಮೀನು ಹಾಗೇ ಇತ್ತು, ಗ್ಲಾಸೂ ಹಾಗೇ ಇತ್ತು. ಕೋಣೆ ಬೆಚ್ಚಗಿತ್ತು. ಒಲೆಯ ಕಾವೂ ಇರಬಹುದು, ನಾನು ಕೇಳಲಿಲ್ಲ. ಎಡೆಯ ಅನ್ನವನ್ನು ಮಾಮಾಳಿಗೆ ಒಂದು ತುತ್ತು ಕೊಟ್ಟು ಉಳಿದದ್ದನ್ನು ನನಗೆಂದು ಹೇಳಿದ್ದ ತಟ್ಟೆಗೆ ಸೇರಿಸಿಕೊಂಡು ಕೈಯಲ್ಲೇ ಉಂಡೆ.

ನೀವು ಈ ಕಡೆ ಬಂದರೆ ಆ ಬೀದಿಗೆ ಕಾರಿನಲ್ಲಿ ಹೋಗಬೇಡಿ, ನಿಲ್ಲಿಸಲು ಜಾಗ ಸಿಗುವುದಿಲ್ಲ. ರೆಡ್ ಲೈನ್ ಮೆಟ್ರೋದಲ್ಲಿ ಮೃಗಾಲಯದ ಸ್ಟೇಷನ್ನಿನಲ್ಲಿ ಇಳಿದು ಸೇತುವೆ ದಾಟಿ ನಡೆಯಿರಿ. ಇಂಜೆರಾ ಇಬ್ಬರಿಗೆ ಒಂದು ತಟ್ಟೆ ಸಾಕು, ಎರಡು ಹೇಳಿ ದುಡ್ಡು ಕಳೆಯಬೇಡಿ. ಬಂಗುಡೆ ತಿನ್ನುವುದಾದರೆ ಸಂಜೆ ಆರರೊಳಗೆ ಹೋಗಿ, ಆಮೇಲೆ ಉಳಿದಿರುವುದಿಲ್ಲ. ಮತ್ತು ನಿಮ್ಮವರು ಯಾರಾದರೂ ದೂರದ ದೇಶದಲ್ಲಿದ್ದರೆ ಫೋನಿನಲ್ಲಿ ಊಟ ಆಯಿತೇ ಎಂದಷ್ಟೇ ಕೇಳಿ ಇಡಬೇಡಿ. ಎಲ್ಲಿ ಕೂತು ತಿನ್ನುತ್ತೀರಿ, ಏನು ತಿನ್ನುತ್ತೀರಿ ಎಂದು ಕೇಳಿ, ನೆನಪಿಟ್ಟುಕೊಳ್ಳಿ. ನನ್ನದನ್ನು ಈಗಲೇ ಹೇಳಿಬಿಡುತ್ತೇನೆ. ನಾನು ಹೋದ ಮೇಲೆ ಊರಿನಲ್ಲಿ ಎಡೆ ಇಡುವವರು ಮುದ್ದೆ, ಸೊಪ್ಪಿನ ಉಪ್ಸಾರು ಇಡಿ. ಇಲ್ಲಿ ಇಡುವವರು ಪುಪುಸಾ ಇಡಿ, ಬಿಸಿಯದು. ನಾನು ಯಾವ ಬಾಗಿಲಿಗೆ ಬರುತ್ತೇನೋ ನನಗೇ ತಿಳಿಯದು. ಎರಡೂ ಕಡೆ ಇಟ್ಟು, ಸ್ವಲ್ಪ ಹೆಚ್ಚು ಹೊತ್ತೇ ಹೊರಗೆ ನಿಲ್ಲಿ.