ಪ್ಲಾಸ್ಟಿಕ್ ಸುತ್ತಿದ ಆರು ಹಾಸಿಗೆಗಳು

ನಾನು ಮನೆಯ ಉಳಿದವರಿಗಿಂತ ಸ್ವಲ್ಪ ಬುದ್ಧಿವಂತೆ ಎಂಬ ಭ್ರಮೆ ನನಗೆ ಮದುವೆಯಾದಾಗಿನಿಂದಲೂ ಇತ್ತು. ಹೋದ ವರ್ಷದ ಮಳೆಗಾಲ ಅದನ್ನು ಬುಡಸಮೇತ ಕಿತ್ತುಹಾಕಿತು. ಅದಕ್ಕೆ ಕಾರಣ ಆರು ಹಾಸಿಗೆಗಳು.

ನಮ್ಮ ಮನೆ ಕುಂದಾಪುರದಲ್ಲಿ, ಹೊಳೆ ಬದಿಗೆ. ಜೂನ್ ಬಂತೆಂದರೆ ಇಲ್ಲಿ ಬೂಷ್ಟು ಹಿಡಿಯದ ವಸ್ತುವೇ ಇಲ್ಲ. ಚಪ್ಪಲಿ, ಬೆಲ್ಟು, ಮಗಳ ಶಾಲೆಯ ಬ್ಯಾಗು, ದೇವರ ಫೋಟೋದ ಹಿಂಬದಿ, ಯಾವುದನ್ನೂ ಬಿಡುವುದಿಲ್ಲ. ಭರಣಿಯ ಉಪ್ಪು ನೀರಾಗಿ ಕೂತಿರುತ್ತದೆ. ಇಂಥ ಊರಿನಲ್ಲಿ ನೆಂಟರಿಗೆಂದು ಇಟ್ಟ ಐದು ಹಾಸಿಗೆಗಳನ್ನು ನಾಲ್ಕು ತಿಂಗಳು ಕಾಪಾಡುವುದು ಸಣ್ಣ ಕೆಲಸವಲ್ಲ.

ಅತ್ತೆಗೆ ಅವರದೇ ಆದ ಕ್ರಮವಿತ್ತು. ಮಾಳಿಗೆಯ ಕೋಣೆಯಲ್ಲಿ ಹಳೆಯ ಮಂಚದ ಮೇಲೆ, ಗೋಡೆಗೆ ತಾಗದಂತೆ ಹಾಸಿಗೆಗಳನ್ನು ಪೇರಿಸಿ, ಮೇಲೊಂದು ಹಳೆಯ ಹತ್ತಿ ಸೀರೆ ಹೊದಿಸುತ್ತಿದ್ದರು. ನಾಲ್ಕು ದಿನಕ್ಕೊಮ್ಮೆ ಕೆಳಗಿನದನ್ನು ಮೇಲೆ, ಮೇಲಿನದನ್ನು ಕೆಳಗೆ ಹಾಕಿಸುತ್ತಿದ್ದರು. ಮಳೆಯ ನಡುವೆ ಅರ್ಧ ಗಂಟೆ ಬಿಸಿಲು ಕಂಡರೂ ಸಾಕು, "ಹ್ವಾಯ್, ಹಾಸ್ಗಿ ಹೊರ್ಗ್ ಹಾಕಿ" ಎಂದು ಮನೆಯವರನ್ನೆಲ್ಲ ಎಬ್ಬಿಸುತ್ತಿದ್ದರು. ಹೊರಗೆ ಹಾಕಿದ ಹತ್ತು ನಿಮಿಷಕ್ಕೆ ಮಳೆ ಬರುತ್ತಿತ್ತು. ಮತ್ತೆ ಒಳಗೆ ಹೊರುವವಳು ನಾನು. ಹದಿನಾಲ್ಕು ಮಳೆಗಾಲ ಹೀಗೇ ಹೊತ್ತು ಹೊತ್ತು ನನ್ನ ಸೊಂಟ ಹಿಡಿದುಹೋಗಿತ್ತು.

ಹೋದ ಮೇ ತಿಂಗಳಲ್ಲಿ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಹಾಸಿಗೆ ತುಂಬಿ, ಗಾಳಿ ಹೊರಗೆ ತೆಗೆದು, ಬಾಯಿಗೆ ಟೇಪು ಸುತ್ತಿದರೆ ಮುಗಿಯಿತು. ನೋಡಿದ ಮರುದಿನವೇ ಪೇಟೆಗೆ ಹೋಗಿ ಆರು ಚೀಲ ತಂದೆ.

ಆರು ಯಾಕೆಂದರೆ, ನೆಂಟರ ಐದರ ಜೊತೆಗೆ ಅತ್ತೆಯ ಹಾಸಿಗೆಯೂ ಆಗಷ್ಟೇ ಮಾಳಿಗೆಗೆ ಹೋಗಿತ್ತು. ಅತ್ತೆಗೆ ಬೆನ್ನುನೋವು ಜಾಸ್ತಿಯಾಗಿ, ಡಾಕ್ಟರು ಗಟ್ಟಿ ಹಾಸಿಗೆ ಬೇಕೇ ಬೇಕು ಎಂದಿದ್ದರು. ಹೊಸ ಫೋಮ್ ಹಾಸಿಗೆ ತರಿಸಿ, ಹಳೆಯದನ್ನು ನಾನೇ ಮೇಲೆ ಹಾಕಿಸಿದ್ದೆ. ಅದು ಅತ್ತೆಯ ತವರು ಅಮಾಸೆಬೈಲಿನಿಂದ ಬಂದ ಬೂರುಗದ ಹತ್ತಿಯ ಹಾಸಿಗೆ. ಅತ್ತೆ ಮಾವ ಇಬ್ಬರಿಗೂ ಮದುವೆಯ ವರ್ಷ ಜೋಡಿಯಾಗಿ ಹೊಲಿಸಿದ್ದು. ಅದಕ್ಕೂ ಮೂರು ವರ್ಷ ಮೊದಲು ಮಾವ ತೀರಿಕೊಂಡಾಗ ಅವರ ಹಾಸಿಗೆ ಅವರೊಂದಿಗೇ ಹೋಗಿತ್ತು. ಉಳಿದ ಒಂದರಲ್ಲಿ ಅತ್ತೆ ಮಲಗುತ್ತಿದ್ದರು.

ನಾನು ಸೆರಗು ಸಿಕ್ಕಿಸಿಕೊಂಡು ಚೀಲ ಬಿಚ್ಚುವಾಗ ಅತ್ತೆ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು.

"ಹಾಸ್ಗಿಗೆ ಉಸ್ರ್ ಕಟ್ಟತ್ತ್ ಮಗಾ. ಹೀಂಗೆಲ್ಲ ಕಟ್ಟಿ ಇಡುಕಾಗ."

"ಗಾಳಿಯೇ ಒಳ್ಗ್ ಹೋಗ್ದಿದ್ರೆ ತಂಪ್ ಹ್ಯಾಂಗ್ ಹೋತ್ತ್ ಅತ್ತೆ? ನೀವ್ ಸುಮ್ನ್ ಕೂಕಣಿ."

"ಹಾಂಗಾರೆ ಎಲ್ಲ ಕಟ್ಕ. ನಂದೊಂದ್ ಬಿಡ್."

"ನಿಮ್ಗ್ ಹೊಸ್ತ್ ಇತ್ತಲೆ?"

"ಅದ್ರಲ್ಲ್ ನಿದ್ರಿ ಬತ್ತಿಲ್ಲೆ."

"ನಾಲ್ಕ್ ದಿನ ಆದ್ರೆ ಸರಿಯಾತ್ತ್. ಡಾಕ್ಟ್ರ್ ಹೇಳಿದ್ದ್ ಕೇಣ್ಕಾ ಬ್ಯಾಡ್ದಾ?"

ಅವರು ಎರಡು ಸಲ, ಮೂರು ಸಲ ಕೇಳಿದರು. "ಅದೊಂದ್ ಬಿಡ್ ಮಗಾ" ಎಂದು ಮಾರನೇ ದಿನ ಊಟಕ್ಕೆ ಕೂತಾಗಲೂ ಅಂದರು. ನನಗೆ ರೇಗಿತು. ಮುದುಕಿಯ ಹಟ ಎಂದೇ ತಿಳಿದೆ. ಅಷ್ಟರಲ್ಲಿ ಆರನ್ನೂ ಕಟ್ಟಿ ಕಿಟಕಿ ಮುಚ್ಚಿ ಆಗಿತ್ತು. ಕಟ್ಟಿದ ಮಧ್ಯಾಹ್ನದ ಸೆಕೆ ನನಗೆ ಚೆನ್ನಾಗಿ ನೆನಪಿದೆ. ಗಾಳಿ ಹೊರಡಿಸಲು ಹಾಸಿಗೆಯ ಮೇಲೆ ಮಂಡಿಯೂರಿ ಒತ್ತುವಾಗ ನನ್ನ ಹಣೆಯ ಬೆವರು ತೊಟ್ಟಿಕ್ಕಿ ಬಟ್ಟೆಯ ಮೇಲೆ ಬೀಳುತ್ತಿತ್ತು. ಆ ಬೆವರು, ಆ ಸೆಕೆ, ಆ ಹಸಿ ಗಾಳಿ ಎಲ್ಲವನ್ನೂ ಒಳಗೆ ಹಾಕಿ ಭದ್ರವಾಗಿ ಟೇಪು ಸುತ್ತಿದವಳು ನಾನು. ಆಮೇಲೆ ಆಚೆಮನೆಯವಳಿಗೆ ಫೋಟೋ ಬೇರೆ ಕಳಿಸಿದೆ.

ಆ ಮಳೆಗಾಲ ಬಹಳ ಆರಾಮವಾಗಿ ಕಳೆಯಿತು. ಒಂದು ದಿನವೂ ಹಾಸಿಗೆ ಹೊರಲಿಲ್ಲ. ಬಿಸಿಲು ಬಂದಾಗೆಲ್ಲ ಅತ್ತೆ ಮಾಳಿಗೆಯ ಕಡೆಗೊಮ್ಮೆ ನೋಡಿ ಒಳಗೆ ಹೋಗುತ್ತಿದ್ದರು.

ಸೆಪ್ಟೆಂಬರ್ ಕೊನೆಗೆ ಮೈದುನನ ಮನೆಯವರು ಮುಂಬೈಯಿಂದ ಬರುವವರಿದ್ದರು. ಹಟ್ಟಿಯಂಗಡಿ ದೇವಸ್ಥಾನದಲ್ಲಿ ಗಣಹೋಮದ ಹರಕೆಯಿತ್ತು. ಅವರು ಬರಲು ಮೂರು ದಿನವಿರುವಾಗ, ಬೆಳಿಗ್ಗೆ ತಿಂಡಿ ಮುಗಿಸಿ, ಕತ್ತರಿ ಹಿಡಿದು ಮೇಲೆ ಹೋದೆ. ಕೋಣೆಯ ಬಾಗಿಲು ತೆಗೆದಾಗ ಏನೂ ಅನಿಸಲಿಲ್ಲ. ಮೊದಲ ಚೀಲದ ಟೇಪು ಕತ್ತರಿಸಿದೆ ನೋಡಿ, ಕೊಳೆತ ಬಟ್ಟೆಯ ವಾಸನೆ ಮುಖಕ್ಕೆ ಹೊಡೆಯಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ನೀರ ಹನಿಗಳು ಸಾಲುಗಟ್ಟಿದ್ದವು. ಹಾಸಿಗೆಯ ಕಂದು ಪಟ್ಟೆಯ ಬಟ್ಟೆ ಕಾಣುತ್ತಲೇ ಇರಲಿಲ್ಲ. ಕಪ್ಪು ಚುಕ್ಕೆ, ಅದರ ಮೇಲೆ ಹಸಿರು, ಅದರ ಮೇಲೆ ಬಿಳಿ ರೋಮದಂಥದ್ದು. ಇದೊಂದೇ ಹೀಗಾಗಿರಬೇಕು ಎಂದು ಇನ್ನೊಂದು ಕತ್ತರಿಸಿದೆ. ಅದೂ ಹಾಗೇ. ಉಳಿದವನ್ನೂ ಗಡಿಬಿಡಿಯಲ್ಲಿ ಒಂದೊಂದಾಗಿ ಕತ್ತರಿಸಿದೆ. ಆರೂ ಹೋಗಿದ್ದವು. ನೆಲದ ಮೇಲೆ ಕುಕ್ಕರಿಸಿಬಿಟ್ಟೆ. ಹದಿನಾಲ್ಕು ವರ್ಷ ಬೈದುಕೊಂಡು ಹೊತ್ತರೂ ಒಂದು ಚುಕ್ಕೆ ಬಾರದ ಹಾಸಿಗೆಗಳು ನನ್ನ ಒಂದೇ ಬುದ್ಧಿವಂತಿಕೆಗೆ ಮಣ್ಣಾಗಿದ್ದವು.

ಗಂಡ ಅಂಗಡಿಗೆ ಹೋಗಿದ್ದರು, ಮಗಳು ಶಾಲೆಗೆ. ಅತ್ತೆ ಸ್ನಾನಕ್ಕೆ ಹೋದದ್ದು ನೋಡಿದ್ದೆ. ಅವರು ಹೊರಗೆ ಬರುವ ಮೊದಲೇ ಎಲ್ಲ ಸುಟ್ಟು ಬೂದಿ ಮಾಡಿಬಿಡುವುದು ಎಂದುಕೊಂಡೆ. ನಾಚಿಕೆಯೇ ಅದಕ್ಕೆ ಕಾರಣ, ಬೇರೇನಿಲ್ಲ. ಆರನ್ನೂ ಮಾಳಿಗೆಯಿಂದ ಹಿತ್ತಲಿಗೆ ನೂಕಿದೆ. ತೆಂಗಿನ ಬುಡದಲ್ಲಿ ಒಣ ಗರಿ, ಸಿಪ್ಪೆ ರಾಶಿ ಹಾಕಿ ಬೆಂಕಿ ಕೊಟ್ಟು, ಒಂದು ಹಾಸಿಗೆ ಎಳೆದು ಹಾಕಿದೆ. ತೇವಕ್ಕೆ ಹೊಗೆ ಎದ್ದಿತೇ ಹೊರತು ಬೆಂಕಿ ಹಿಡಿಯಲಿಲ್ಲ. ಬೈದುಕೊಳ್ಳುತ್ತ ಇನ್ನಷ್ಟು ಗರಿ ತುರುಕಿದೆ. ಕೊನೆಗೆ ಹತ್ತಿಕೊಂಡಿತು. ಎರಡನೆಯದನ್ನೂ ಹಾಕಿದೆ.

ಮೂರನೆಯದರ ಮೂಲೆ ಹಿಡಿದು ಎಳೆಯುವಾಗ ಅತ್ತೆ ಬಂದರು. ಒದ್ದೆ ಕೂದಲು, ಬರಿಗಾಲು, ಕೈಯಲ್ಲಿ ಎಂದಿನ ಊರುಗೋಲೂ ಇರಲಿಲ್ಲ.

"ನಂದ್ ಎಲ್ಲಿತ್ತ್?"

"ಎಲ್ಲ ಹಾಳಾಯ್ತ್ ಅತ್ತೆ. ಬೂಷ್ಟ್ ಹಿಡ್ದ್ ಹೋಯ್ತ್."

"ನಂದ್ ಸುಟ್ಟ್ಯಾ?"

ನನಗೆ ಗೊತ್ತಿರಲಿಲ್ಲ. ಆರಕ್ಕೂ ಒಂದೇ ಥಾನಿನ ಬಟ್ಟೆ, ಮಾವ ಇದ್ದಾಗಲೇ ಹಾಕಿಸಿದ್ದು. ಬೂಷ್ಟಿನಲ್ಲಿ ಯಾವುದು ಯಾವುದೆಂದು ನೋಡುವ ವ್ಯವಧಾನವೂ ನನಗಿರಲಿಲ್ಲ. ಅತ್ತೆ ನನ್ನ ಉತ್ತರಕ್ಕೆ ಕಾಯದೆ ಕೆಸರಿನಲ್ಲೇ ಕೂತು, ನನ್ನ ಕೈಯಲ್ಲಿದ್ದ ಹಾಸಿಗೆಯ ನಾಲ್ಕು ಮೂಲೆಗಳನ್ನೂ ಬೆರಳಿನಿಂದ ಸವರಿ ನೋಡಿದರು. ಅಲ್ಲ. ಪಕ್ಕದ್ದನ್ನು ನೋಡಿದರು. ಅದೂ ಅಲ್ಲ. ಐದನೆಯದೂ ಅಲ್ಲ. ಬೆಂಕಿಯ ಕಡೆಗೊಮ್ಮೆ ತಿರುಗಿದರು. ಆಗ ಅವರ ಮುಖದಲ್ಲಿ ಕಂಡದ್ದನ್ನು ನಾನು ಮಾವ ಹೋದ ದಿನವೂ ಕಂಡಿರಲಿಲ್ಲ. ಕೊನೆಯದರ ಮೂಲೆಯಲ್ಲಿ ಕಪ್ಪುಗಟ್ಟಿದ ಬಟ್ಟೆಯನ್ನು ಉಜ್ಜಿದಾಗ ಕೆಂಪು ದಾರದ ಒಂದು ಗಂಟು ಕಾಣಿಸಿತು. ಅತ್ತೆ ಅದರ ಮೇಲೆ ಅಂಗೈ ಊರಿ ಕೂತುಬಿಟ್ಟರು.

ನನಗೆ ಒಳಗೊಳಗೇ ಪಾಪ ಅನಿಸಿದರೂ ಬಾಯಿಗೆ ಬಂದದ್ದು ಬೇರೆ. "ಒಂದ್ ಹಳೇ ಹಾಸ್ಗಿಗೆ ಇಷ್ಟ್ ಮಾಡ್ತ್ರಿಯಲೆ ಅತ್ತೆ" ಎಂದೆ.

"ಇದ್ ನಂದಲ್ಲ ಮಗಾ. ನಿನ್ನ್ ಮಾವಂದ್."

"ಮಾವಂದ್ ಅವತ್ತೇ ಸುಟ್ಟಿತಲೆ?"

"ಅವತ್ತ್ ಸುಟ್ಟದ್ದ್ ನಂದ್. ಅವ್ರ್ ಹೋದ್ದ್ ಇದ್ರ್ ಮೇಲೆ."

ನಾನು ಸೆರಗು ಎಳೆದುಕೊಂಡು ಆ ಹಾಸಿಗೆಯಿಂದ ದೂರ ಸರಿದು ನಿಂತೆ. ಸತ್ತವರ ಹಾಸಿಗೆ ಮನೆಯಲ್ಲಿ ಉಳಿಯಬಾರದು, ಇದು ಎಲ್ಲರಿಗೂ ಗೊತ್ತಿರುವ ಮಾತು. ಅವತ್ತು ಮಾವನನ್ನು ಅಂಗಳಕ್ಕೆ ಇಳಿಸಿದ ಕೂಡಲೇ, "ಮೊದ್ಲ್ ಆ ಹಾಸ್ಗಿ ಹೊರ್ಗ್ ಹೋಯ್ಲಿ" ಎಂದು ಗಡಿಬಿಡಿ ಮಾಡಿದವಳು ನಾನೇ. ಅತ್ತೆ ಕೋಣೆಯೊಳಗಿಂದ ಒಂದು ಹಾಸಿಗೆ ಸುತ್ತಿ ಹಗ್ಗ ಕಟ್ಟಿ ಕೊಟ್ಟಿದ್ದರು. ನನ್ನ ಗಂಡ ಅದನ್ನು ಹೊತ್ತು ಸ್ಮಶಾನಕ್ಕೆ ಹೋಗಿದ್ದರು. ಒಂದೇ ಬಟ್ಟೆಯ ಎರಡು ಹಾಸಿಗೆಗಳಲ್ಲಿ ಯಾವುದು ಹೋಯಿತೆಂದು ಯಾರು ನೋಡುತ್ತಾರೆ? ಮೂರು ವರ್ಷ ಅತ್ತೆ ಅದರ ಮೇಲೆಯೇ ಮಲಗಿದ್ದರು. ರಜೆಯಲ್ಲಿ ನನ್ನ ಮಗಳೂ ಅಜ್ಜಿಯ ಪಕ್ಕ ಅದರಲ್ಲೇ ಮಲಗಿದ್ದಳು.

"ನಂಗ್ ಒಂದ್ ಮಾತ್ ಹೇಳುಕಾಗ್ದಿತ್ತಾ?"

"ಹೇಳಿರೆ ನೀನ್ ಮನಿಯೊಳ್ಗ್ ಇಟ್ಕಂತಿದ್ಯಾ?"

ಇಟ್ಟುಕೊಳ್ಳುತ್ತಿರಲಿಲ್ಲ.

ಅತ್ತೆ ಹೊಗೆಗೆ ಕಣ್ಣು ಒರೆಸಿಕೊಂಡು ನಿಧಾನವಾಗಿ ಹೇಳಿದರು. "ಅವ್ರಿಗೆ ಒಬ್ರೇ ಮನಿಕಂಡ್ ಗೊತ್ತಿಲ್ಲೆ. ನಂದ್ ಸಂಗ್ತಿಗ್ ಹೋಯ್ಲಿ ಅಂದ್ಕಂಡೆ. ಇದ್ ನಾನ್ ಹೋಪತಿಗೆ ನನ್ನೊಟ್ಟಿಗ್ ಹೋಪುದ್. ಅದ್ಕೇ ಇಟ್ಟದ್ದ್. ನಿನ್ನತ್ರ ಬಿಡ್ ಅಂದ್ದ್ ಅದ್ಕೇ."

ಇನ್ನು ಐದು ನಿಮಿಷ ಅವರು ಬಚ್ಚಲಲ್ಲಿ ತಡ ಮಾಡಿದ್ದರೆ ನಾನೇ ಅದನ್ನು ಸುಟ್ಟು, ಕೈ ತೊಳೆದು, ಅನ್ನಕ್ಕೆ ನೀರಿಡುತ್ತಿದ್ದೆ. ಉಳಿದ ಮೂರನ್ನು ಬೆಂಕಿಗೆ ಹಾಕಲು ಕೂಡ ಅವತ್ತು ನನ್ನಿಂದಾಗಲಿಲ್ಲ.

ಅಂಗಳದ ಬಿಸಿಲಿನಲ್ಲಿ ಚಾಪೆ ಹಾಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಇಬ್ಬರೂ ಸೇರಿ ಆ ಹಾಸಿಗೆಯ ಹೊಲಿಗೆ ಬಿಚ್ಚಿದೆವು. ಬಟ್ಟೆಗೆ ತಾಗಿದ್ದ ಹತ್ತಿ ಕಪ್ಪಾಗಿ ಅಂಟಿಕೊಂಡಿತ್ತು. ಕೈ ಹಾಕಿ ಒಳಗೆ ಒಳಗೆ ಹೋದಂತೆ, ನಡುವಿನ ಹತ್ತಿ ಬೆಳ್ಳಗೆ, ಒಣಗಿಯೇ ಇತ್ತು. ನಾನು ಎತ್ತಿ ತೋರಿಸಿದೆ. ಅತ್ತೆ ಮೂಸಿ ನೋಡಿದರು. "ಇದ್ ಲಾಯ್ಕಿತ್ತ್" ಎಂದರು. ಅಷ್ಟು ಹೊತ್ತು ತಡೆದುಕೊಂಡಿದ್ದ ನಾನು ಆಗ ಅತ್ತುಬಿಟ್ಟೆ. ಮೂರು ದಿನ ಹತ್ತಿಗೆ ಬಲೆ ಮುಚ್ಚಿ ಬಿಸಿಲು ತೋರಿಸಿ, ಪೇಟೆಯಲ್ಲಿ ಹೊಸ ಬಟ್ಟೆಗೆ ತುಂಬಿಸಿ ತಂದೆವು. ಮೊದಲಿನ ಅರ್ಧ ದಪ್ಪವೂ ಆಗಲಿಲ್ಲ. ಮೂಲೆಯ ಕೆಂಪು ಗಂಟನ್ನು ಅತ್ತೆ ತಾವೇ ಹಾಕಿದರು. ಮುಂಬೈಯವರಿಗೆ ಶಾಮಿಯಾನದವರಿಂದ ಬಾಡಿಗೆ ಹಾಸಿಗೆ ತರಿಸಿದೆವು. ಅದು ಯಾರ ಹಾಸಿಗೆಯೆಂದು ಗಂಡನಿಗೆ ನಾನು ಇವತ್ತಿಗೂ ಹೇಳಿಲ್ಲ.

ಈಗ ಅದು ಅತ್ತೆಯ ಫೋಮ್ ಹಾಸಿಗೆಯ ಮೇಲಿದೆ. ಡಾಕ್ಟರು ಏನು ಬೇಕಾದರೂ ಹೇಳಲಿ. ಈ ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ನಾನೇ ಅದನ್ನು ಮಗುಚಿ ಹಾಕುತ್ತೇನೆ, ಬಿಸಿಲು ಕಂಡರೆ ಅಂಗಳಕ್ಕೆ ಹೊರುತ್ತೇನೆ, ಗೊಣಗುವುದಿಲ್ಲ. ಮೊನ್ನೆ ಸಣ್ಣ ಬಿಸಿಲು ಬಂತು. ಹಗ್ಗದ ಮೇಲೆ ಹಾಕಿ ಕೋಲಿನಿಂದ ತಟ್ಟುತ್ತಿದ್ದೆ. ಜಗಲಿಯಲ್ಲಿ ಕೂತು ಹುರುಳಿ ಆರಿಸುತ್ತಿದ್ದ ಅತ್ತೆ ತಲೆ ಎತ್ತದೆಯೇ ಅಂದರು.

"ಲಾಯ್ಕ್ ಮಾಡಿ ಒಣ್ಗ್ಸ್ ಮಗಾ. ಹಸಿ ಇದ್ರೆ ಬೆಂಕಿ ಹಿಡಿತ್ತಿಲ್ಲೆ, ನೀನೇ ಕಂಡಿದ್ಯಲೆ."

ನನ್ನ ಕೋಲು ಅಲ್ಲಿಗೇ ನಿಂತಿತು. ಅವರು ಹುರುಳಿಯಲ್ಲಿ ಸಿಕ್ಕಿದ ಕಲ್ಲೊಂದನ್ನು ಅಂಗಳಕ್ಕೆ ಎಸೆದರು. ನಾನು ಹಾಸಿಗೆಯನ್ನು ಮಗುಚಿ, ಇನ್ನೊಂದು ಬದಿಯನ್ನು ಬಿಸಿಲಿಗೆ ಹಾಕಿದೆ.